ಶುದ್ಧಪ್ರತಿ

ನಮ್ಮ ಮನೆಯವರಿಗೆ ಇಂಗ್ಲಿಷ್ ಎಂದರೆ ಪ್ರಾಣ. ನನಗೆ ಅದರಲ್ಲಿ ಒಂದಕ್ಷರ ಬಾರದು. ಹಾಗಿದ್ದೂ ನಲವತ್ತೊಂದು ವರ್ಷ ಸಂಸಾರ ಸಾಗಿದೆ ಎಂದರೆ ಅದರ ಹೆಚ್ಚುಗಾರಿಕೆಯೆಲ್ಲ ನನ್ನದೇ ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆ. ಅವರು ಒಂದು ಪ್ರೆಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕರಡು ತಿದ್ದಿದವರು. ಅರ್ಜಿ ಫಾರಂ, ಕಾಲೇಜಿನ ವರದಿ, ಔಷಧಿ ಡಬ್ಬದೊಳಗೆ ಮಡಿಸಿಡುವ ಚೀಟಿ, ಏನೇ ಅಚ್ಚಾಗಬೇಕಿದ್ದರೂ ಮೊದಲು ಇವರ ಕೆಂಪು ಪೆನ್ನಿನ ಕೆಳಗೆ ನುಸುಳಿ ಬರಬೇಕಿತ್ತು. ನಿವೃತ್ತಿಯ ದಿನ ಪ್ರೆಸ್ಸಿನವರು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆ ಪೆನ್ನು ಕಸಿದುಕೊಂಡು ಕಳಿಸಿದ್ದರೆ ನಾನು ಅವರಿಗೆ ಕೈ ಮುಗಿಯುತ್ತಿದ್ದೆ.

ಮಗ ಲಿಫ್ಟ್ ರಿಪೇರಿ ಮಾಡುವವನು. ಅವನು ಫೋನಿನಲ್ಲಿ ಬರೆಯುವ ಇಂಗ್ಲಿಷ್ ಇವರಿಗೆ ಹಲ್ಲಿಗೆ ಸಿಕ್ಕ ಕಲ್ಲು. ಒಂದು ಸಂಜೆ ಬರುವಾಗ ಆರು ಮೊಟ್ಟೆ ತನ್ನಿ ಎಂದು ಅಪ್ಪನಿಗೆ ಬರೆದು ಹಾಕಿದ. ಇವರು ಅಂಗಡಿಯ ಮುಂದೆಯೇ ನಿಂತು, ಆ ಒಂದು ಸಾಲಿನಲ್ಲಿದ್ದ ಮೂರು ತಪ್ಪು ತಿದ್ದಿ, ಸರಿಯಾದದ್ದನ್ನು ಅವನಿಗೆ ವಾಪಸು ಕಳಿಸಿ, ಬರಿಗೈಯಲ್ಲಿ ಮನೆಗೆ ಬಂದರು.

“ಅಪ್ಪ, ನಾನು ಬರೆದಿದ್ದು ನಿಮಗೆ ಅರ್ಥ ಆಯ್ತೋ ಇಲ್ವೋ?”

“ಅರ್ಥ ಆಯ್ತು.”

“ಮತ್ತೆ ಮೊಟ್ಟೆ ಎಲ್ಲಿ?”

ಇವರು ಚೀಲ ನೋಡಿಕೊಂಡರು. ಮೊಮ್ಮಗಳು ಪುಟ್ಟಿ ಕಿಸಕ್ಕನೆ ನಕ್ಕಳು. ಅಂದು ಅನ್ನಕ್ಕೆ ಬರೀ ಬೇಳೆ ಬಡಿಸಿದೆ. ಮಗ ತಟ್ಟೆ ನೋಡಿಕೊಂಡು, ಅರ್ಥ ಆಗೋದೇ ಮುಖ್ಯ, ಮಿಕ್ಕಿದ್ದೆಲ್ಲ ಒಣಜಂಭ ಎಂದ. ಅರ್ಥವಾದರೆ ಸಾಕು ಎನ್ನುವವನು ಲಿಫ್ಟನ್ನೂ ಎರಡು ಅಂತಸ್ತಿನ ನಡುವೆ ನಿಲ್ಲಿಸಿ, ಮೇಲಕ್ಕೆ ಬಂತಲ್ಲ ಸಾಕು ಇಳಿಯಿರಿ ಎನ್ನುತ್ತಾನೆ ಎಂದು ಇವರು ಗೊಣಗಿದರು. ಮಾತಿಗೆ ಮಾತು ಬೆಳೆಯಿತು. ನಾನು ಮೊಸರು ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಇಂಥ ಜಗಳ ನಮ್ಮಲ್ಲಿ ವಾರಕ್ಕೆರಡು. ಯಾರಿಗೂ ಗಾಯವಾಗುತ್ತಿರಲಿಲ್ಲ.

ಸೊಸೆ ಈ ಜಗಳಕ್ಕೆ ಸೇರುತ್ತಿರಲಿಲ್ಲ. ಅವಳು ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸಕ್ಕಿದ್ದಳು. ಆಸ್ಪತ್ರೆಗಳ ಹಾಸಿಗೆ ಬಟ್ಟೆ, ಆಪರೇಷನ್ ಗೌನುಗಳು ಅಲ್ಲಿಗೆ ಲಾರಿಗಟ್ಟಲೆ ಬರುತ್ತವೆ. ಮಡಚುವ ಮೇಜಿನಲ್ಲಿ ಒಂಬತ್ತು ವರ್ಷ ನಿಂತು ನಿಂತು ಕಾಲಿನ ನರ ಉಬ್ಬಿಸಿಕೊಂಡ ಮೇಲೆ ಈ ವರ್ಷ ಅವಳನ್ನು ಬೆಳಗಿನ ಪಾಳಿಯ ಇನ್‌ಚಾರ್ಜ್ ಮಾಡಿದ್ದರು. ಹದಿನೆಂಟು ಹೆಂಗಸರ ಮೇಲೆ ಅವಳು. ಅಂದು ಮನೆಗೆ ಬಂದು ನನ್ನ ಕಾಲಿಗೆ ಎಣ್ಣೆ ಹಚ್ಚುತ್ತ, “ಅತ್ತೆ, ಇನ್ಮೇಲೆ ಕೂತ್ಕೊಳ್ಳೋಕೆ ಒಂದು ಕುರ್ಚಿ ಕೊಡ್ತಾರೆ” ಎಂದಳು. ಆ ಕುರ್ಚಿಯ ಜೊತೆಗೆ ಒಂದು ಲಾಗ್ ಪುಸ್ತಕವೂ ಬಂತು. ಯಾವ ಮೆಷಿನ್ ಎಷ್ಟು ಹೊತ್ತು ನಡೆಯಿತು, ಎಲ್ಲಿ ಕೆಟ್ಟಿತು, ಯಾರಿಗೆ ತಿಳಿಸಿದ್ದಾಯಿತು ಎಂಬುದನ್ನೆಲ್ಲ ಅದರಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕು.

ಲಾಂಡ್ರಿಯೊಳಗೆ ಫೋನು ಒಯ್ಯುವಂತಿಲ್ಲ, ಬಾಗಿಲಲ್ಲೇ ಇಡಬೇಕು. ಹಾಗಾಗಿ ಅವಳು ಏಪ್ರನ್ನಿನ ಜೇಬಿನಲ್ಲಿ ಒಂದು ಸಣ್ಣ ನೋಟ್ ಪುಸ್ತಕ ಇಟ್ಟುಕೊಂಡಳು. ಆದದ್ದನ್ನು ಆದ ಹೊತ್ತಿಗೇ ಅದರಲ್ಲಿ ಗೀಚಿಕೊಂಡು, ಪಾಳಿ ಮುಗಿಯುವಾಗ ಲಾಗ್ ಪುಸ್ತಕಕ್ಕೆ ಇಳಿಸುತ್ತಿದ್ದಳು. ಎರಡನೇ ವಾರದಲ್ಲಿ ಮ್ಯಾನೇಜರ್ ಅವಳು ಬರೆದ ಒಂದು ಪುಟದ ಫೋಟೋ ತೆಗೆದು ಆಫೀಸಿನ ಗ್ರೂಪಿಗೆ ಹಾಕಿದ. ಕೆಳಗೆ ಸಾಲಾಗಿ ನಗುವ ಮುಖಗಳು. ಅದರಲ್ಲಿ ಅವಳ ಕೈಕೆಳಗಿನವರೂ ಮೂವರಿದ್ದರು. ಆ ದಿನ ಸೊಸೆ ಊಟಕ್ಕೆ ಕೂರಲಿಲ್ಲ. ಬಟ್ಟೆ ಒಣಹಾಕಿ, ನಲ್ಲಿ ತಿಕ್ಕಿ, ಮಾಡಲು ಬೇರೆ ಕೆಲಸ ಕಾಣದೆ ಕೊನೆಗೆ ಮಾವನ ಮುಂದೆ ಆ ನೋಟ್ ಪುಸ್ತಕ ಇಟ್ಟಳು.

“ಮಾವ, ದಿನಾ ಒಂದು ಸಲ ನೋಡಿಕೊಡ್ತೀರಾ? ಇನ್ನೊಂದು ಸಲ ಹೀಗಾದ್ರೆ ನಾನು ಆ ಕುರ್ಚಿ ಬಿಟ್ಟು ಮೇಜಿಗೇ ಹೋಗ್ತೀನಿ.”

ಇವರ ಮುಖ ನೋಡಬೇಕಿತ್ತು. ನಿವೃತ್ತರಾದ ಮೇಲೆ ಆರು ವರ್ಷದಿಂದ ಯಾರೂ ಕೇಳದಿದ್ದುದನ್ನು ಅವಳು ಕೇಳಿದ್ದಳು. ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡರು. ಅಂದಿನಿಂದ ಸಂಜೆ ಐದೂವರೆಗೆ ಊಟದ ಮೇಜಿನ ಮೇಲೆ ಇಬ್ಬರ ಪಾಠ. ನಾನು ಎದುರಿಗೆ ಕೂತು ಸೊಪ್ಪು ಬಿಡಿಸುತ್ತಿದ್ದೆ. ತಪ್ಪಿಗೊಂದು ಕೆಂಪು ಗೆರೆ, ಅಂಚಿನಲ್ಲಿ ಸರಿಯಾದದ್ದು. ಈಗ ಅವಳು ಮಾರನೆಯ ಬೆಳಗ್ಗೆ ಅದನ್ನು ನೋಡಿಕೊಂಡು ಲಾಗ್ ಪುಸ್ತಕಕ್ಕೆ ಇಳಿಸುತ್ತಿದ್ದಳು. ನಡುನಡುವೆ ಸೊಸೆ ಲಾಂಡ್ರಿಯ ಸುದ್ದಿ ಹೇಳುತ್ತಿದ್ದಳು. ಸುದ್ದಿಯೆಂದರೆ ಹೆಚ್ಚಿನದು ರೇಡಿಯೋದು. ಡ್ರೈಯರ್ ಮೆಷಿನ್ನಿನಲ್ಲಿ ಕೆಲಸ ಮಾಡುವ ಅವಳ ಗೆಳತಿಗೆ ಅಲ್ಲಿ ಎಲ್ಲರೂ ಇಟ್ಟ ಹೆಸರು ಅದು. ಬೆಳಗ್ಗೆ ಹಚ್ಚಿದರೆ ಸಂಜೆಯವರೆಗೆ ನಿಲ್ಲುವ ಬಾಯಲ್ಲವಂತೆ. ಮನೆಗೂ ಎರಡು ಸಲ ಬಂದಿದ್ದಳು. ನನ್ನ ಟೀ ಕುಡಿದು, ನಮ್ಮ ಅತ್ತೆಗೂ ಇಷ್ಟು ಸಕ್ಕರೆ ಹಾಕುವ ಕೈ ಇದ್ದಿದ್ದರೆ ನಾನು ಡಿವೋರ್ಸ್ ಕೇಳುತ್ತಲೇ ಇರಲಿಲ್ಲ ಎಂದು ನಗಿಸಿದವಳು.

ಮಗನಿಗೆ ಈ ಪಾಠ ಹಿಡಿಸಲಿಲ್ಲ. ಅವಳು ಬೆಳಗ್ಗೆ ನಾಲ್ಕಕ್ಕೆದ್ದು ದುಡಿದು ಬರುತ್ತಾಳೆ, ಮನೆಯಲ್ಲೂ ಪರೀಕ್ಷೆ ಕೊಡಬೇಕಾ ಎಂದು ಅಪ್ಪನ ಮೇಲೆ ಹಾರಿದ. ಸೊಸೆಯೇ, ಕೇಳಿದವಳು ನಾನು, ನೀವು ಸುಮ್ಮನಿರಿ ಎಂದು ಅವನ ಬಾಯಿ ಮುಚ್ಚಿಸಿದಳು. ಅಡುಗೆಮನೆಯಲ್ಲಿ ಅವನು ನನ್ನ ಹತ್ತಿರ ಬಂದು, “ಅಮ್ಮಾ, ಅಪ್ಪ ಅವಳನ್ನ ತಿದ್ದುತಾ ತಿದ್ದುತಾ ಅವಳ ಬಾಯೇ ಕಟ್ಟಿಬಿಡ್ತಾರೆ ನೋಡ್ತಿರು” ಎಂದ. ನಾನು ಅವನಿಗೆ ತೆಂಗಿನಕಾಯಿ ತುರಿಯಲು ಕೊಟ್ಟೆ. ಕೈಗೆ ಕೆಲಸ ಕೊಟ್ಟರೆ ಅವನ ಸಿಟ್ಟು ಇಳಿಯುತ್ತದೆ.

ಒಂದು ಸಂಜೆ ಪುಟ್ಟಿ ಅಮ್ಮನ ನೋಟ್ ಪುಸ್ತಕ ಎತ್ತಿಕೊಂಡು ನನಗಾಗಿ ಜೋರಾಗಿ ಓದಿದಳು. “ಮೆಷಿನ್ ತ್ರೀ ಡೋರ್ ಓಪನ್ ಬಟ್ ಡ್ರಮ್ ನಾಟ್ ಸ್ಟಾಪ್. ಟೋಲ್ಡ್ ಸರ್. ಸರ್ ಸೇ ಟುಮಾರೋ.” ಅದಕ್ಕೆ ತಾತ ಹಾಕಿದ ಕೆಂಪು ಗೆರೆಗಳನ್ನು ಎಣಿಸಿ ಎಂಟು ಎಂದಳು. ನಾನು ಸೊಸೆಯನ್ನು ಹಾಗಂದರೇನು ಎಂದು ಕೇಳಿದೆ. ಮೂರನೇ ಡ್ರೈಯರಿನ ಬಾಗಿಲು ತೆಗೆದ ಕೂಡಲೇ ಒಳಗಿನ ಡ್ರಮ್ ನಿಲ್ಲಬೇಕಂತೆ, ನಿಲ್ಲುತ್ತಿಲ್ಲವಂತೆ, ಇಂಜಿನಿಯರಿಗೆ ಹೇಳಿದರೆ ನಾಳೆ ನೋಡೋಣ ಎನ್ನುತ್ತಾನಂತೆ. ಮಾರನೆಯ ವಾರ ಮತ್ತೆ ಬರೆದಳು. ಮೂರನೆಯ ಸಲ ನೋಟ್ ಪುಸ್ತಕವನ್ನೇ ಅವನ ಮೂಗಿಗೆ ಹಿಡಿದು, ನೋಡಿದ್ದೀನಿ ಅಂತ ಇದರಲ್ಲೇ ಬರೆಯಿರಿ ಸಾರ್ ಎಂದಳಂತೆ. ಅವನು ಬೇಸರದಿಂದ ಎರಡು ಪದ ಗೀಚಿ, ಸಹಿ ಎಳೆದು, ತಾರೀಖು ಹಾಕಿ ಹೋದ. ಅಂದು ಸಂಜೆ ಇವರು ಆ ಎರಡು ಪದಕ್ಕೂ ಒಂದು ಕೆಂಪು ಗೆರೆ ಎಳೆದರು. ಇಂಜಿನಿಯರ್ ಆದವನಿಗೆ ಇಷ್ಟೂ ಬರುವುದಿಲ್ಲವೇ ಎಂದು ಅವರು ತಲೆ ಅಲ್ಲಾಡಿಸಿದ್ದು ಕಂಡು ಸೊಸೆಯೂ ನಕ್ಕಳು, ನಾನೂ ನಕ್ಕೆ.

ಅದಾಗಿ ಹನ್ನೊಂದನೆಯ ದಿನ ರೇಡಿಯೋಳ ಬಲಗೈ ಆ ಡ್ರಮ್ಮಿಗೆ ಸಿಕ್ಕಿತು.

ಬಾಗಿಲು ತೆಗೆದು ಹಾಸುಬಟ್ಟೆ ಎಳೆಯಲು ಕೈ ಹಾಕಿದ್ದಳು. ಬಟ್ಟೆ ಕೈಗೆ ಸುತ್ತಿಕೊಂಡು ಒಳಗೆಳೆಯಿತು. ಸೊಸೆ ಓಡಿಹೋಗಿ ಮೇನ್ ಸ್ವಿಚ್ ಆರಿಸುವಷ್ಟರಲ್ಲಿ ಮೂರು ಬೆರಳು ಹೋಗಿ, ಮಣಿಕಟ್ಟು ತಿರುಚಿಹೋಗಿತ್ತು. ಸೊಸೆ ಮನೆಗೆ ಬಂದಾಗ ಏಪ್ರನ್ ಬಿಚ್ಚಿರಲೇ ಇಲ್ಲ. ನಾನೇ ಬಿಚ್ಚಿ ನೆನೆಹಾಕಿದೆ. ಜೇಬಿನಲ್ಲಿ ನೋಟ್ ಪುಸ್ತಕ ಇತ್ತು, ತೆಗೆದು ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟೆ.

ನಾಲ್ಕು ದಿನದಲ್ಲಿ ಕಂಪನಿಯ ಕಾಗದ ಬಂತು. ಬಾಗಿಲು ಕೆಟ್ಟಿದ್ದನ್ನು ಇನ್‌ಚಾರ್ಜ್ ಯಾರಿಗೂ ತಿಳಿಸಿಲ್ಲ, ಅವಳ ಅಜಾಗರೂಕತೆಯಿಂದಲೇ ಅಪಘಾತವಾಗಿದೆ, ಮಂಗಳವಾರ ವಿಚಾರಣೆ, ಅಲ್ಲಿಯವರೆಗೆ ಕೆಲಸಕ್ಕೆ ಬರಕೂಡದು. ಲಾಗ್ ಪುಸ್ತಕ ತೆಗೆದು ನೋಡಿ ಎಂದು ಸೊಸೆ ಫೋನ್ ಮಾಡಿದರೆ, ಆ ತಿಂಗಳ ಹಾಳೆಗಳು ನೀರು ಬಿದ್ದು ಹಾಳಾಗಿವೆ ಎಂದು ಮ್ಯಾನೇಜರ್ ತಣ್ಣಗೆ ಹೇಳಿದ. ಇಂಜಿನಿಯರ್ ತನಗೆ ಯಾರೂ ಏನೂ ಹೇಳಿಯೇ ಇಲ್ಲ ಎಂದ. ಕೆಲಸದ ಹೆಂಗಸರು ಯಾರೂ ಫೋನ್ ಎತ್ತಲಿಲ್ಲ. ಅವರನ್ನು ಬೈದು ಏನು ಬಂತು, ಅವರಿಗೂ ಹೊಟ್ಟೆ ಇದೆ.

“ನನ್ನ ನೋಟ್ ಪುಸ್ತಕ ಇದೆಯಲ್ಲ” ಎಂದಳು ಸೊಸೆ, ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ. ಆ ನಾಲ್ಕು ದಿನದಲ್ಲಿ ಅವಳು ಮೊದಲ ಸಲ ಹೊಟ್ಟೆತುಂಬ ಉಂಡಳು. ಅವನ ಸಹಿ ಇದೆ, ತಾರೀಖಿದೆ, ಇನ್ನೇನು ಬೇಕು ಎಂದು ಮಗನೂ ತಟ್ಟೆಗೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡ. ರೇಡಿಯೋಗೆ ಪರಿಹಾರ ಸಿಗುವುದೂ ಅದರ ಮೇಲೆಯೇ ನಿಂತಿತ್ತು. ಕಂಪನಿಯ ತಪ್ಪು ಎಂದು ತೀರ್ಮಾನವಾದರೆ ಮಾತ್ರ ಅವಳ ಕೈಗೆ ಬೆಲೆ. ಸೊಸೆ ಆಸ್ಪತ್ರೆಗೆ ಹೋಗಿ ಅವಳಿಗೆ ಮಾತು ಕೊಟ್ಟು ಬಂದಿದ್ದಳು.

ಊಟ ಮುಗಿದ ಮೇಲೆ ಅವಳು ಪುಸ್ತಕವನ್ನು ತಿರುವಿ ತಿರುವಿ ನೋಡಿ ಮಾವನ ಹತ್ತಿರ ಬಂದಳು. ಪುಟಗಳು ಉಬ್ಬಿದ್ದವು, ಸೋಪಿನ ಕಲೆ, ಬೆವರಿನ ಕಲೆ, ಅಕ್ಷರ ಒಂದು ಮೇಲೆ ಒಂದು ಕೆಳಗೆ.

“ಮಾವ, ದೊಡ್ಡವರ ಮುಂದೆ ಇದನ್ನ ಹೇಗೆ ಇಡಲಿ? ಅವತ್ತಿನ ಹಾಗೇ ನಗ್ತಾರೆ. ಇದರಲ್ಲಿರೋದನ್ನ ಅವರಿಗೆ ತಿಳಿಯೋ ಹಾಗೆ ಒಂದು ಕಡೆ ಬರೆದುಕೊಡಿ.”

ಒಂದು ಕಡೆ ಎಂದಳು. ಹಳೆಯದರ ಜೊತೆಗೆ ಇಡಲು ಎಂಬುದು ಅವಳ ಮನಸ್ಸಿನಲ್ಲಿತ್ತು, ಬಾಯಲ್ಲಿ ಬರಲಿಲ್ಲ. ಹೇಳಬೇಕೆಂದು ಯಾರಿಗೆ ತೋಚೀತು. “ನೀನು ಯೋಚನೆ ಮಾಡಬೇಡಮ್ಮ, ನಾನಿದೀನಿ” ಎಂದರು ಇವರು.

ಭಾನುವಾರ ಬೆಳಗ್ಗೆ ಅವಳು ಪುಟ್ಟಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಮಗ ಕೆಲಸಕ್ಕೆ ಹೋಗಿದ್ದ. ಇವರು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಮೇಜಿಗೆ ಕೂತರು. ನಾನೇ ಅಂಗಡಿಗೆ ಹೋಗಿ ಗೆರೆ ಹಾಕಿದ ಒಳ್ಳೆಯ ಪುಸ್ತಕ ತಂದುಕೊಟ್ಟೆ. ಒಂಬತ್ತಕ್ಕೆ ಶುರು ಮಾಡಿದವರು ಎರಡು ಗಂಟೆಗೆ ಊಟಕ್ಕೆದ್ದರು, ಮತ್ತೆ ಕೂತು ನಾಲ್ಕೂವರೆಗೆ ಮುಗಿಸಿದರು. ಎಂಥ ಅಕ್ಷರ ಅದು! ಓದಲು ಬಾರದ ನನಗೂ ಬೆರಳಿಟ್ಟು ಸವರಬೇಕು ಅನ್ನಿಸುವಂಥದ್ದು. ಪ್ರತಿ ದಿನಕ್ಕೂ ಒಂದು ಪುಟ, ಮೇಲೆ ತಾರೀಖು, ಅಡಿಯಲ್ಲಿ ಸ್ಕೇಲಿಟ್ಟು ಎಳೆದ ಗೆರೆ. ಇಂಜಿನಿಯರ್ ಗೀಚಿದ ಎರಡು ಪದವನ್ನೂ ಬಿಡದೆ, ಇಂಜಿನಿಯರು ಇದನ್ನು ನೋಡಿ ಸಹಿ ಹಾಕಿರುತ್ತಾರೆ ಎಂದು ಪೂರ್ತಿ ವಾಕ್ಯವಾಗಿ ಬರೆದೆ ಎಂದು ನನಗೆ ಓದಿ ಹೇಳಿದರು.

ಆಮೇಲೆ ಹಳೆಯ ಪುಸ್ತಕದ ಪಿನ್ನು ಬಿಚ್ಚಿದರು. ಒಂದೊಂದೇ ಹಾಳೆ ಎತ್ತಿ ನಾಲ್ಕು ತುಂಡು ಮಾಡತೊಡಗಿದರು.

ಅವರ ಪ್ರೆಸ್ಸಿನಲ್ಲಿ ಅದು ಕಟ್ಟುನಿಟ್ಟು. ಹಿಂದೊಮ್ಮೆ ಯಾರೋ ಮೇಜಿನ ಮೇಲೆ ಬಿಟ್ಟ ಹಳೆಯ ಕರಡೇ ಮೆಷಿನ್ನಿಗೆ ಹೋಗಿ ಎರಡು ಸಾವಿರ ಪ್ರತಿ ರದ್ದಿಯಾಯಿತಂತೆ. ಅಂದಿನಿಂದ ಶುದ್ಧಪ್ರತಿ ತಯಾರಾದ ಗಳಿಗೆಯೇ ಕರಡನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಬೇಕು. ಮೂವತ್ತನಾಲ್ಕು ವರ್ಷ ಹಾಗೆ ಹರಿದ ಕೈ ಅದು. ಮನೆಯಲ್ಲಿ ಸಾಮಾನಿನ ಪಟ್ಟಿ ಬರೆದರೂ ಎರಡನೆಯ ಸಲ ಅಂದವಾಗಿ ಬರೆದು ಮೊದಲಿನದನ್ನು ಹರಿಯುವವರು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಪೊರಕೆ ತಂದು ತುಂಡುಗಳನ್ನು ಗುಡಿಸಿದೆ, ಟೀ ಸೋಸಿದ ಚರಟದ ಜೊತೆ ಡಬ್ಬಕ್ಕೆ ಹಾಕಿದೆ. ಸೋಮವಾರ ಏಳು ಗಂಟೆಗೆ ಕಸದ ಗಾಡಿ ಬಂತು. ಡಬ್ಬ ಎತ್ತಿಕೊಟ್ಟವಳೂ ನಾನೇ. ಈ ಎರಡು ಕೈಯಿಂದಲೇ ಕೊಟ್ಟೆ.

ಸೋಮವಾರವೆಲ್ಲ ಸೊಸೆ ರೇಡಿಯೋಳ ಕಡೆಯವರ ಜೊತೆ ಓಡಾಡುತ್ತಿದ್ದಳು. ಸಂಜೆ ಬಂದಾಗ ಎಲ್ಲ ತಯಾರಾಗಿದೆ, ಕವರಿನಲ್ಲಿದೆ ಎಂದು ಇವರು ಹೇಳಿದರು. ಅವಳು ಕವರನ್ನು ಕಣ್ಣಿಗೊತ್ತಿಕೊಂಡು ಬೀರುವಿನಲ್ಲಿಟ್ಟಳು. ಮಂಗಳವಾರ ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕವರು ತೆರೆದಳು. ಹೊಸ ಪುಸ್ತಕ ತೆಗೆದಳು. ಕವರನ್ನು ಬಗ್ಗಿಸಿ ಕೊಡವಿದಳು.

“ಮಾವ, ನನ್ನ ಪುಸ್ತಕ ಎಲ್ಲಿ?”

“ಅದೇ ಅಲ್ವಾ ಕೈಯಲ್ಲಿ ಹಿಡ್ಕೊಂಡಿರೋದು?”

“ಇದಲ್ಲ. ನಂದು. ಹಳೇದು.”

“ಕರಡು ಯಾಕೆ ಬೇಕಮ್ಮ? ಅದನ್ನ ಹರಿದುಹಾಕಿದೆ.”

ಮಗ ಟೀ ಲೋಟ ಕೆಳಗಿಟ್ಟ. ಸೊಸೆ ನಗಲು ನೋಡಿದಳು, ಇವರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳೋ ಏನೋ. ಇವರು ಬದುಕಿನಲ್ಲಿ ತಮಾಷೆ ಮಾಡಿದವರಲ್ಲ. ಅವಳು ಎದ್ದು ಅಡುಗೆಮನೆಯ ಕಸದ ಡಬ್ಬದ ಮುಚ್ಚಳ ತೆಗೆದಳು. ಅದರಲ್ಲಿ ಅಂದಿನ ಮೊಟ್ಟೆ ಸಿಪ್ಪೆ ಮಾತ್ರ ಇತ್ತು.

“ಅದರಲ್ಲಿ ಅವನ ಸಹಿ ಇತ್ತು ಮಾವ.”

“ಬರೆದಿದೀನಲ್ಲಮ್ಮ. ಸಹಿ ಹಾಕಿದಾರೆ ಅಂತ ಸ್ಪಷ್ಟವಾಗಿ ಬರೆದಿದೀನಿ.” ಹೇಳುತ್ತ ಹೇಳುತ್ತಲೇ ಇವರ ದನಿ ಸಣ್ಣದಾಯಿತು. ಪುಟ ತಿರುವಿ ಆ ಸಾಲನ್ನು ತೋರಿಸಲು ಹೋದ ಬೆರಳು ನಡುವೆಯೇ ನಿಂತಿತು.

ಮಗನ ಬಾಯಿಗೆ ಲಗಾಮಿರಲಿಲ್ಲ. ನೀವು ತಿದ್ದಿದ್ದು ಸಾಕು, ಮನೆ ಹಾಳುಮಾಡಿದಿರಿ, ನಿಮ್ಮ ಇಂಗ್ಲಿಷಿಗೆ ಬೆಂಕಿ ಬೀಳ ಎಂದು ಕೂಗಿದ. ಪುಟ್ಟಿ ಹೆದರಿ ನನ್ನ ಬೆನ್ನಿಗೆ ಬಂದು ನಿಂತಳು. ಸೊಸೆ ಮಾತ್ರ, ಹೊತ್ತಾಯಿತು, ಹೊರಡೋಣ ಎಂದಳು.

ವಿಚಾರಣೆ ಕೋಣೆಯ ಹೊರಗಿನ ಬೆಂಚಿನಲ್ಲಿ ನಾನೂ ಇವರೂ ಕೂತೆವು. ಸೆಕೆಗೆ ಬಾಗಿಲು ತೆರೆದೇ ಇಟ್ಟಿದ್ದರು. ಎಲ್ಲ ಕೇಳುತ್ತಿತ್ತು. ಕಂಪನಿಯ ವಕೀಲ ಮೃದುವಾಗಿ ಮಾತಾಡುವವನು. ಹೊಸ ಪುಸ್ತಕವನ್ನು ಮೂಸಿ ನೋಡುವವನಂತೆ ಹತ್ತಿರ ಹಿಡಿದು, ಇದು ನಿಮ್ಮ ಕೈಬರಹವೇ ಎಂದು ಕೇಳಿದ. ಅಲ್ಲ, ನಮ್ಮ ಮಾವನದು ಎಂದಳು ಸೊಸೆ. ಬರೆದದ್ದು ಯಾವಾಗ ಎಂದ. ಮೊನ್ನೆ ಭಾನುವಾರ ಎಂದಳು. ಒಂದು ಸುಳ್ಳು ಹೇಳಬಾರದಿತ್ತೇ ಎಂದು ನನಗೆ ಅನ್ನಿಸಿತು. ಹೇಳಿದರೂ ಏನೂ ಆಗುತ್ತಿರಲಿಲ್ಲ, ಶಾಯಿಯೇ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ಆಮೇಲೆ ಅವನು ಫೋನ್ ತೆಗೆದು, ಮ್ಯಾನೇಜರ್ ಗ್ರೂಪಿಗೆ ಹಾಕಿದ್ದ ಆ ಹಳೆಯ ಫೋಟೋವನ್ನು ವಿಚಾರಣೆಗೆ ಕೂತಿದ್ದ ಅಧಿಕಾರಿಗೆ ತೋರಿಸಿದ. ಈಕೆ ಬರೆಯುವುದು ಹೀಗೆ, ಇಂಥವರು ಇಂಥ ಪುಸ್ತಕ ಬರೆದರು ಎಂದರೆ ಯಾರು ನಂಬಬೇಕು ಎಂದ.

ಇವರನ್ನು ಒಳಗೆ ಕರೆದರು. ನಾನೂ ಜೊತೆಗೆ ಹೋಗಿ ತೋಳು ಹಿಡಿದೆ. ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಹರಿದದ್ದನ್ನೂ ಹೇಳಿದರು. ಅಧಿಕಾರಿ ವಯಸ್ಸಾದ ಮನುಷ್ಯ. ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

“ನಾನು ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ ಸ್ವಾಮಿ” ಎಂದರು ಇವರು. “ಅವಳು ಏನು ಹೇಳಿದ್ದಳೋ ಅದೇ. ಭಾಷೆ ಮಾತ್ರ ಸರಿ ಮಾಡಿದೆ.”

“ಇರಬಹುದು” ಎಂದರು ಅಧಿಕಾರಿ. “ಆದರೆ ಇದನ್ನ ನಾನು ದಾಖಲೆ ಅಂತ ತೆಗೆದುಕೊಳ್ಳೋಕೆ ಆಗಲ್ಲ.” ಪುಸ್ತಕವನ್ನು ಮುಚ್ಚಿ ನನ್ನ ಕೈಗೇ ಕೊಟ್ಟರು.

ರೇಡಿಯೋಳ ಹೇಳಿಕೆಯನ್ನು ಆಸ್ಪತ್ರೆಯಲ್ಲೇ ಬರೆದುಕೊಂಡಿದ್ದರು. ಇಂಜಿನಿಯರ್ ಸಹಿ ಹಾಕಿದ್ದನ್ನು ತಾನು ಕಂಡಿದ್ದೇನೆ ಎಂದು ಅವಳು ಹೇಳಿದ್ದಳು. ಪೆಟ್ಟು ತಿಂದವರ ಮಾತಿಗೆ ಬೇರೆ ಆಧಾರ ಬೇಕೆಂದು ಅದನ್ನೂ ಬದಿಗಿಟ್ಟರು.

ಬುಧವಾರ ಮಧ್ಯಾಹ್ನ ಇವರು ಮನೆಯಲ್ಲಿ ಇರಲಿಲ್ಲ. ಹುಡುಕಿ ಸುಸ್ತಾಗಿ ಮಗನಿಗೆ ಫೋನ್ ಮಾಡಿದೆ. ಅವನಿಗೆ ಹೊಳೆಯಿತು. ಊರಾಚೆ ಕಸ ಸುರಿಯುವ ಮೈದಾನದ ಗೇಟಿನಲ್ಲಿ ಇವರು ಛತ್ರಿ ಹಿಡಿದು ನಿಂತಿದ್ದರಂತೆ, ಸೋಮವಾರದ ಗಾಡಿಗಳು ಎಲ್ಲಿ ಸುರಿದವು ಎಂದು ಕಾವಲಿನವನನ್ನು ಕೇಳುತ್ತ. ಅವನು ನಗುತ್ತ ಒಂದು ಗುಡ್ಡ ತೋರಿಸಿದ್ದನಂತೆ. ಮಗ ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಅಷ್ಟು ಹಾರಾಡಿದ್ದ ಮಗ ಅಂದು ಅಪ್ಪನ ಶೂ ಬಿಚ್ಚಿ, ನಲ್ಲಿಯ ಕೆಳಗೆ ತೊಳೆದಿಟ್ಟ.

ಆಮೇಲಿನ ಐದು ವಾರ ನಮ್ಮ ಮನೆಯಲ್ಲಿ ಜಗಳವೇ ಆಗಲಿಲ್ಲ. ಅದಕ್ಕಿಂತ ಕೆಟ್ಟ ದಿನಗಳನ್ನು ನಾನು ಕಂಡಿಲ್ಲ. ಸೊಸೆ ಮಾವನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದಳು, ಊಟಕ್ಕೆ ಬನ್ನಿ ಎನ್ನುತ್ತಿದ್ದಳು, ಹೊರಗಿನವರಿಗೆ ತೋರುವಷ್ಟು ಮರ್ಯಾದೆ ತೋರುತ್ತಿದ್ದಳು. ಒಂದು ಸಲ ಬಾಯಿತುಂಬ ಬೈದುಬಿಡು ಕಣೇ ಎಂದು ನಾನೇ ಅವಳನ್ನು ಬೇಡಿಕೊಂಡೆ. “ಬೈದು ಏನು ಮಾಡಲಿ ಅತ್ತೆ? ನಾಚಿಕೆಪಟ್ಟವಳು ನಾನು, ಕೇಳಿದವಳೂ ನಾನೇ” ಎಂದಳು. ಇವರು ಸಂಜೆ ಐದೂವರೆಗೆ ಮೇಜಿಗೆ ಬರುವುದನ್ನೇ ಬಿಟ್ಟರು. ಪುಟ್ಟಿ ಶಾಲೆಯ ಪ್ರಬಂಧ ತೋರಿಸಲು ಹೋದರೆ, ಚೆನ್ನಾಗಿದೆ ಮಗಾ ಎಂದು ನೋಡದೆಯೇ ವಾಪಸು ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.

ತೀರ್ಪಿನ ಕಾಗದ ಬಂತು. ಸೊಸೆಯನ್ನು ಕೆಲಸದಿಂದ ತೆಗೆದಿದ್ದರು. ನಿರ್ಲಕ್ಷ್ಯ ಒಂದು, ಸುಳ್ಳು ದಾಖಲೆ ಸೃಷ್ಟಿಸಿದ್ದು ಇನ್ನೊಂದು. ರೇಡಿಯೋಗೆ ಆಸ್ಪತ್ರೆಯ ಖರ್ಚು ಮಾತ್ರ, ಕಂಪನಿಯ ತಪ್ಪೇನೂ ಇಲ್ಲವಾದ್ದರಿಂದ ಪರಿಹಾರವಿಲ್ಲ. ಮೇಲಕ್ಕೆ ಹೋಗಬಹುದಲ್ಲ ಎಂದು ಮಗ ಒಬ್ಬ ವಕೀಲನನ್ನು ಕೇಳಿ ಬಂದ. ಏನನ್ನು ಹಿಡಿದುಕೊಂಡು ಹೋಗುತ್ತೀರಿ ಎಂದನಂತೆ ಅವನು. ಸೊಸೆ ಒಂದು ಸಣ್ಣ ಇಸ್ತ್ರಿ ಅಂಗಡಿಗೆ ಸೇರಿಕೊಂಡಳು. ಅಲ್ಲಿ ಬರೆಯುವ ಕೆಲಸವಿಲ್ಲ. ನಿಂತೇ ಇರಬೇಕು.

ಒಂದು ಭಾನುವಾರ ಮಧ್ಯಾಹ್ನ ರೇಡಿಯೋ ಬಂದಳು. ಉದ್ದ ತೋಳಿನ ಸ್ವೆಟರ್ ಹಾಕಿ ಬಲಗೈಯನ್ನು ಒಳಗೆಳೆದುಕೊಂಡಿದ್ದಳು. ಬಾ ಬಾ ಎಂದು ನಾನು ಓಡಿಹೋಗಿ ಟೀ ಇಟ್ಟೆ, ಸಕ್ಕರೆ ಹೆಚ್ಚಾಗಿಯೇ ಹಾಕಿದೆ. ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಟೀಯನ್ನು ಮುಟ್ಟಲಿಲ್ಲ. ಆ ಬಾಯಿ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ.

“ಒಂದೇ ಮಾತು ಕೇಳಿ ಹೋಗ್ತೀನಿ” ಎಂದಳು ಸೊಸೆಗೆ. “ಎಷ್ಟು ಕೊಟ್ರು?”

“ಯಾರು?”

“ಕಂಪನಿಯವರು. ಆ ಪುಸ್ತಕ ಇಲ್ಲ ಅನ್ನಿಸೋಕೆ.”

ಸೊಸೆ ನನ್ನ ಮುಖ ನೋಡಿದಳು, ಮತ್ತೆ ಅವಳ ಮುಖ. “ನನ್ನನ್ನೇ ಕೆಲಸದಿಂದ ತೆಗೆದಿದಾರೆ ಕಣೇ. ಇಸ್ತ್ರಿ ಅಂಗಡೀಲಿ ನಿಂತಿದೀನಿ.”

“ಹೊರಗೆ ಹಾಗೇ ತೋರಿಸ್ತಾರೆ. ನೀನು ಬರೆಯೋದನ್ನ ನಾನು ಕಣ್ಣಾರೆ ಕಂಡಿದೀನಿ. ಅವನು ಗೀಚಿದ್ದನ್ನೂ ಕಂಡಿದೀನಿ. ನೀನು ಆಸ್ಪತ್ರೆಗೆ ಬಂದು, ಪುಸ್ತಕ ಭದ್ರವಾಗಿದೆ, ನಿನ್ನ ಕೈ ನನ್ನ ಜವಾಬ್ದಾರಿ ಅಂದೆ. ಎರಡೇ ದಿನಕ್ಕೆ ಅದು ಇಲ್ಲ ಅಂದ್ರೆ ನಾನು ಏನು ಅಂದುಕೊಳ್ಳಲಿ?”

ಇವರು ಒಳಗಿನ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದರು.

“ಹರಿದವನು ನಾನು ಕಣಮ್ಮ. ನನ್ನ ಕೈಯಾರೆ ಹರಿದೆ. ಅವಳಿಗೆ ಗೊತ್ತೇ ಇರಲಿಲ್ಲ.”

“ಯಾಕೆ ಹರಿದ್ರಿ?”

ಇವರು ಬಾಯಿ ತೆರೆದರು. ಪ್ರೆಸ್ಸಿನ ಕಥೆ, ರದ್ದಿಯಾದ ಎರಡು ಸಾವಿರ ಪ್ರತಿಯ ಕಥೆ, ಏನನ್ನು ಹೇಳಬೇಕೆಂದಿದ್ದರೋ. ಅವಳ ಸ್ವೆಟರಿನ ಜೋತುಬಿದ್ದ ತೋಳನ್ನು ನೋಡುತ್ತ ನಿಂತುಬಿಟ್ಟರು.

“ಅದರಲ್ಲಿ ತಪ್ಪುಗಳಿದ್ವು” ಎಂದರು ಕೊನೆಗೆ.

ರೇಡಿಯೋ ಅವರನ್ನೇ ದಿಟ್ಟಿಸಿದಳು. ನಾನೂ ನಡುವೆ ಬಾಯಿ ಹಾಕಿ, ಗುಡಿಸಿದವಳು ನಾನಮ್ಮ, ದೇವರಾಣೆ, ಗಾಡಿಗೆ ಹಾಕಿದವಳೂ ನಾನೇ ಎಂದೆ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅವಳ ಮುಖದಲ್ಲಿ ಒಂದಿಷ್ಟೂ ಬದಲಾವಣೆ ಕಾಣಲಿಲ್ಲ.

“ಅಜ್ಜ, ನಾಳೆ ನನ್ನ ಮಕ್ಕಳು ಕೇಳಿದ್ರೆ ಇದನ್ನ ಹೇಳಲಾ? ಇಂಗ್ಲಿಷ್ ತಪ್ಪಿತ್ತು, ಅದಕ್ಕೆ ಹರಿದ್ರಂತೆ ಅಂತ? ಯಾರು ನಂಬ್ತಾರೆ? ನಾನೇ ನಂಬಲ್ಲ. ನೀವು ಒಂದು ಮನೆಯವರು, ಒಂದೇ ಮಾತು ಹೇಳ್ತೀರಿ.”

ನಿಜವೆಂಬುದು ಇದ್ದದ್ದು ಆ ಒಂದು ಪುಸ್ತಕದಲ್ಲಿ.

ರೇಡಿಯೋ ಎದ್ದು ಬಾಗಿಲಿಗೆ ಹೋಗಿ ಚಪ್ಪಲಿಗೆ ಕಾಲು ತೂರಿಸಿದಳು. ಹಿಮ್ಮಡಿಯ ಪಟ್ಟಿ ಸಿಕ್ಕಿಸಬೇಕಿತ್ತು. ಬಗ್ಗಿ ಎಡಗೈಯಲ್ಲಿ ಒಂದು ಸಲ ನೋಡಿದಳು, ಇನ್ನೊಂದು ಸಲ ನೋಡಿದಳು, ಆಗಲಿಲ್ಲ. ಸೊಸೆ ಓಡಿಹೋಗಿ ಅವಳ ಕಾಲ ಬುಡದಲ್ಲಿ ಕೂತು ಪಟ್ಟಿಗೆ ಕೈ ಹಾಕಿದಳು. ರೇಡಿಯೋ ಕಾಲನ್ನು ಹಿಂದಕ್ಕೆಳೆದುಕೊಂಡಳು. ಪಟ್ಟಿ ಬಿಚ್ಚಿಕೊಂಡೇ ಇತ್ತು. ಹಾಗೆಯೇ ಕಾಲೆಳೆಯುತ್ತ ಮೆಟ್ಟಿಲಿಳಿದು ಹೋದಳು. ಸೊಸೆ ಬಾಗಿಲಲ್ಲಿ ಕೂತವಳು ಏಳಲಿಲ್ಲ.